ಹೊಳಪು ಗಾರೆಯ ಗೋಡೆ

ಅರಕಲಗೂಡಿನ ಪೇಟೆ ಬೀದಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಗೌರೀಶಂಕರನ ಹೆಂಡತಿ ನೀಲಾಂಬಿಕೆ ಸುಮ್ಮನೆ ಕೂರುವ ಜೀವವಲ್ಲ. ೧೯೩೯ರ ಬೇಸಿಗೆಯಲ್ಲಿ ಮೈದುನನ ಮದುವೆ ಗೊತ್ತಾದಾಗ ಗಂಡನ ತಾತ ಕಟ್ಟಿಸಿದ ಮನೆಯನ್ನು ರಿಪೇರಿ ಮಾಡಿಸಲು ಹೊರಟವಳೂ ಅವಳೇ. ಎಲ್ಲ ಗೋಡೆಗೂ ಸುಣ್ಣ ಹಿಡಿಯಿತು. ಪೂಜೆಗೆ ಕೂರುವ ನಡುಮನೆಯ ಗೋಡೆಯಲ್ಲಿ ಮಾತ್ರ ಒಣಗಿದ ಮೇಲೆ ಹಪ್ಪಳದಂತೆ ಎದ್ದು, ಹಳೇ ಪದರಗಳನ್ನೂ ಕಿತ್ತುಕೊಂಡು ಉದುರಿತು.

ಸುಣ್ಣ ಬಳಿಯಲು ಬಂದಿದ್ದ ಚಂದ್ರಯ್ಯ ಒದ್ದೆ ಬಟ್ಟೆಯಿಂದ ಆ ಗೋಡೆಯನ್ನು ಉಜ್ಜಿ ನೋಡಿದ. ಮೇಲಿನ ಬಿಳಿ ಬಟ್ಟೆಗೆ ಹತ್ತಿತು. ಅದರಡಿಯ ನೀಲಿಯೂ ಕೆಮ್ಮಣ್ಣೂ ಹಾಗೆಯೇ ಬಿಟ್ಟುಕೊಂಡವು. ಎಲ್ಲಕ್ಕೂ ಕೆಳಗೆ ಕೆನೆ ಬಣ್ಣದ ನುಣುಪು ಗೋಡೆ. ಅದನ್ನೆಷ್ಟು ಉಜ್ಜಿದರೂ ಬಟ್ಟೆಗೆ ಏನೂ ಹತ್ತಲಿಲ್ಲ. ಎಣ್ಣೆ ಬಣ್ಣವಿರಬಹುದೆಂದು ಚಾಕುವಿನ ಮೊನೆಯಿಂದ ಕೆರೆದರೆ, ಸಿಪ್ಪೆ ಏಳುವ ಬದಲು ಬಿಳಿ ಪುಡಿ ಬಂತು.

"ಇದು ಬಣ್ಣ ಅಲ್ಲ ಕಣವ್ವ, ಹೊಳಪು ಗಾರೆ," ಎಂದ. ಆಮೇಲೆ ದನಿ ತಗ್ಗಿಸಿದ. "ಮೊಟ್ಟೆ ಲೋಳೆ ಆಕಿ ಕಲ್ಲಲ್ಲಿ ಉಜ್ಜವ್ರೆ. ಅದ್ಕೇ ಸುಣ್ಣ ನಿಲ್ತಿಲ್ಲ."

ನೀಲಾಂಬಿಕೆ ಗೋಡೆಯಿಂದ ಎರಡು ಹೆಜ್ಜೆ ಹಿಂದೆ ಸರಿದಳು. ಮೊಟ್ಟೆಯ ಹೆಸರನ್ನೂ ಎತ್ತದ ಲಿಂಗವಂತರ ಮನೆ. ದಿನವೂ ಅಂಗೈಯಲ್ಲಿ ಲಿಂಗ ಹಿಡಿದು ಅವಳು ಕೂರುತ್ತಿದ್ದದ್ದು ಆ ಗೋಡೆಯ ಎದುರಿಗೇ. ಯಾರಿಗೂ ಹೇಳಬೇಡವೆಂದು ಚಂದ್ರಯ್ಯನನ್ನು ಕಳಿಸಿದಳು. ಒಲೆ ಮೇಲೆ ಅನ್ನ ಸೀದದ್ದು ಅವಳಿಗೆ ಗೊತ್ತಾಗಲಿಲ್ಲ. ಊಟಕ್ಕೆ ಬಂದ ಗಂಡನಿಗೆ ಆ ಗೋಡೆ ಕೆಡವಿಸಿಬಿಡೋಣ ಎಂದಳು. ಏಕೆಂದು ಕೇಳಿದರೆ ಎದ್ದು ಹಿತ್ತಿಲಿಗೆ ಹೋದಳು. ಮನೆಯ ತೊಲೆಗಳೆಲ್ಲ ನಿಂತಿದ್ದದ್ದೇ ಆ ಗೋಡೆಯ ಮೇಲೆ. ಜೊತೆಗೆ, ಅತ್ತೆ ಶಿವಗಂಗಮ್ಮನವರಿಗೆ ತಿಳಿದರೆ ಏನಾದೀತೋ ಎಂಬ ಭಯ.

ಕೊನೆಗೆ ತಡೆಯಲಾರದೆ ಅತ್ತೆಗೇ ಹೇಳಿಬಿಟ್ಟಳು. ಅಕ್ಕಿ ಆರಿಸುತ್ತಿದ್ದ ಶಿವಗಂಗಮ್ಮ ತಲೆಯೆತ್ತಲಿಲ್ಲ.

"ನಂಗೊತ್ತು ಕಣೆ. ನಾನು ಸೊಸೆಯಾಗಿ ಬಂದ ವರ್ಷ ಗಾರೆ ಕೆಲಸದವ್ರು ಬುಟ್ಟಿಗೆ ಬಟ್ಟೆ ಮುಚ್ಕೊಂಡು ಅದ್ನ ಹಿತ್ಲು ಬಾಗ್ಲಿಂದ ತಂದ್ರು. ಬಾಯಿ ಬಿಡಬ್ಯಾಡ ಅಂದ್ರು ನಮ್ಮ ಮಾವ. ಅವತ್ತಿಂದ ಆ ಗೋಡೆಗೆ ಬೆನ್ನು ಮಾಡ್ಕೊಂಡೇ ಪೂಜೆ ಮಾಡ್ತಿವ್ನಿ. ಅತ್ತೆಗೆ ಬಾಗ್ಲು ಕಡೆ ಗಾಳಿ ಬೇಕು ಅಂದ್ಕೊಂಡ್ರಿ ನೀವೆಲ್ಲ."

ನೀಲಾಂಬಿಕೆ ಅವರ ಪಕ್ಕದಲ್ಲಿ ಕೂತಳು. ಕೆಡವಿಸುವುದೇ ಎಂದು ಕೇಳಿದಳು. ಸುಣ್ಣದಲ್ಲಿ ಬೆಂದದ್ದು ಇನ್ನೂ ಮೊಟ್ಟೆಯಾಗಿ ಉಳಿದೀತೇ, ಬಿಡು ಎಂದರು ಅತ್ತೆ. ಆದರೆ ಗೋಡೆಯತ್ತ ತಿರುಗಲಿಲ್ಲ.

ಮರುದಿನ ಚಂದ್ರಯ್ಯ ಹಳೇ ಪದರಗಳನ್ನೆಲ್ಲ ಕೆರೆದು, ಗಾರೆಯನ್ನು ಒರೆಸಿ ಹಾಗೆಯೇ ಬಿಟ್ಟ. ಮದುವೆಗೆ ಬಂದ ಹೆಂಗಸರು ಅದರ ಹೊಳಪನ್ನು ಸವರಿ ಸವರಿ ನೋಡಿದರು. ನೀಲಾಂಬಿಕೆ ತನ್ನ ಮಣೆಯನ್ನು ಪಡಸಾಲೆಗೆ ಸಾಗಿಸಿದಳು, ಅಲ್ಲೂ ಮನಸ್ಸು ನಿಲ್ಲದೆ ವಾಪಸ್ಸು ತಂದಳು. ಆಮೇಲೆ ಅತ್ತೆಯ ಪಕ್ಕದಲ್ಲೇ ಬಾಗಿಲ ಕಡೆ ಮುಖ ಮಾಡಿ ಕೂರತೊಡಗಿದಳು. ಆದರೂ ಪೂಜೆಯ ನಡುವೆ ಕಣ್ಣು ತೆರೆದು ಹಿಂದಕ್ಕೆ ನೋಡುವುದು ಬಹಳ ಕಾಲ ತಪ್ಪಲಿಲ್ಲ.