ನಾಲ್ಕು ಕೆಜಿ ಗೂಡಿನ ದೆಹಲಿ

ಬಿಡದಿಯ ಕಾರ್ಖಾನೆಗೆ ಸೇರಿದ ಹೊಸದರಲ್ಲಿ ನನ್ನನ್ನು ತರಬೇತಿಗೆಂದು ದೆಹಲಿಗೆ ಕಳಿಸಿದರು. ಅದೇ ನನ್ನ ಮೊದಲ ವಿಮಾನ ಪ್ರಯಾಣ. ರಾಮನಗರದ ನಮ್ಮ ಬೀದಿಯಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದ ಖಾದರ್ ಸಾಬರಿಗೆ ಹೇಳಿಹೋಗೋಣ ಅಂತ ನಿಂತೆ.

“ಎಷ್ಟು ದೂರ ಐತಪ್ಪಾ?” ಒಲೆಯ ಮೇಲೆ ಬಿಸಿನೀರಿನಲ್ಲಿ ಕುಣಿಯುತ್ತಿದ್ದ ರೇಷ್ಮೆಗೂಡುಗಳಿಂದ ಕಣ್ಣೆತ್ತದೆ ಕೇಳಿದರು.

“ಸಾವಿರದ ಏಳ್ನೂರು ಕಿಲೋಮೀಟರ್ ಸಾಬ್ರೇ. ಎರಡೂಮುಕ್ಕಾಲು ಗಂಟೆ.”

ಗೂಡೊಂದಕ್ಕೆ ಮುಕ್ಕಾಲು ಕಿಲೋಮೀಟರ್ ಎಳೆ, ಕೆಜಿಗೆ ಆರುನೂರು ಗೂಡು ಅಂತ ಬಾಯಲ್ಲೇ ಲೆಕ್ಕ ಹಾಕಿ ನಕ್ಕರು. “ಅಷ್ಟೇನಾ? ನಾಲ್ಕು ಕೆಜಿ ಗೂಡು! ಊಟದ ಹೊತ್ತಿಗೆ ಬಿಚ್ಚಾಕ್ಬುಡ್ತೀನಿ.”

“ದಾರೀಲಿ ಏನಾರ ಆದ್ರೆ?”

“ಎಳೆ ಕಿತ್ತೋಗ್ದೆ ಇರ್ತದಾ? ಗಂಟಾಕ್ಕೊಂಡು ಮುಂದಕ್ಕೆ ಸುತ್ತೋದು. ಹೆದರ್ಬ್ಯಾಡ ಹೋಗು.”

ಆ ಧೈರ್ಯದ ಮಾತು ನೆನೆದುಕೊಂಡು ದೆಹಲಿವರೆಗೂ ಸೀಟಿನ ಹಿಡಿಕೆ ಬಿಡಲಿಲ್ಲ.

ಈಗ ಆ ಒಲೆಯೂ ಇಲ್ಲ, ಸಾಬರೂ ಇಲ್ಲ. ನಾನು ಮಾತ್ರ ಎಲ್ಲಿಗೆ ಹಾರಿದರೂ ದೂರವನ್ನು ಗೂಡಿನಲ್ಲೇ ಅಳೆಯುತ್ತೇನೆ. ದುಬೈ ಆರು ಕೆಜಿ. ವಿಮಾನ ತಡ ಎಂದು ಘೋಷಣೆಯಾದಾಗ ಪಕ್ಕದವರೆಲ್ಲ ರೇಗಾಡುತ್ತಾರೆ. ನಾನು ಆರಾಮಾಗಿ ಕೂತು ಅಂದುಕೊಳ್ಳುತ್ತೇನೆ: ಎಲ್ಲೋ ಎಳೆ ಕಿತ್ತುಹೋಗಿದೆ, ಗಂಟು ಹಾಕುತ್ತಿದ್ದಾರೆ.