ದೊಡ್ಡವ್ವ ಸೀರಿಯಸ್ ಆದದ್ದು

ಸಂಜೆ ಆರು ಗಂಟೆ. ಗೆಳೆಯರೇ, ಇಂದಿನ ದಿನವೆಲ್ಲ ಒಂದು ತಂತಿಗೇ ಹೋಯಿತು. ನೈಜೀರಿಯಾದಲ್ಲಿ ಮಾಸ್ತರನಾಗಿರುವ ತಮ್ಮ ವೀರೇಶನ ಕರಾರು ಈ ತಿಂಗಳು ಮುಗಿಯುತ್ತದೆ. ಇನ್ನೊಂದು ವರ್ಷಕ್ಕೆ ಸಹಿ ಮಾಡುವವರೆಗೆ ಪಾಸ್‌ಪೋರ್ಟ್ ಕೊಡುವುದಿಲ್ಲ ಎಂದು ಅಲ್ಲಿನ ಹೆಡ್‌ಮಾಸ್ಟರು ಹಟ ಹಿಡಿದಿದ್ದಾರಂತೆ. "ಮನೆಯಲ್ಲಿ ಯಾರಿಗಾದರೂ ಸೀರಿಯಸ್ ಎಂದು ತಂತಿ ಕೊಡು" ಎಂದು ಬರೆದಿದ್ದ. ಅವ್ವನ ಹೆಸರು ಹಾಕುವಂತಿಲ್ಲ. ಅವಳು ತೀರಿಕೊಂಡು ನಾಲ್ಕು ತಿಂಗಳಾಯಿತು. ಆಗಲೂ ಅವನನ್ನು ಬಿಟ್ಟಿರಲಿಲ್ಲ.

"ನನ್ನ ಹೆಸರು ಹಾಕಲೇ ಕೊಟ್ರೇಶಾ, ಹುಡುಗ ಮನಿಗೆ ಬರ್ಲಿ" ಎಂದಳು ದೊಡ್ಡವ್ವ, ಮೆಣಸಿನಕಾಯಿ ಕುಟ್ಟುತ್ತಲೇ.

ಅಂಚೆ ಕಚೇರಿಯಲ್ಲಿ ಗುಮಾಸ್ತರು ಪದ ಎಣಿಸಲು ತಂತಿಯನ್ನು ಗಟ್ಟಿಯಾಗಿ ಓದಿದರು. ನನ್ನ ಹಿಂದೆ ಮೆಕ್ಯಾನಿಕ್ ಖಾದರ್ ಸಾಬರು ನಿಂತಿದ್ದರು. ನಾನು ಸಂತೆ ಮುಗಿಸಿ ಮನೆ ಸೇರುವಷ್ಟರಲ್ಲಿ ಅಂಗಳದ ತುಂಬ ಜನ, ನಡುವೆ ಒನಕೆ ಹಿಡಿದ ದೊಡ್ಡವ್ವ.

"ಏನಬೇ ಯವ್ವಾ, ನಿನಗ ಸೀರಿಯಸ್ ಐತಂತಲ್ಲ?" ಎಂದರು ಸಾಬರು ಗಾಬರಿಯಿಂದ.

"ಹೌದಪ್ಪಾ, ನೈಜೀರಿಯಾದಾಗ ಐತಿ. ಇಲ್ಲಿ ಆರಾಮದೀನಿ."

"ಅಯ್ಯೋ, ಬಸ್ ಡ್ರೈವರ್ ಕೈಲೆ ಕೋಗಳಿಗೂ ಹೇಳಿ ಕಳಿಸೀನಲ್ಲ!"

ತಂತಿ ನೋಡಿ ವೀರೇಶನನ್ನು ಬಿಡುತ್ತಾರೋ ಇಲ್ಲವೋ ತಿಳಿಯದು. ನಾಳೆ ಮೊದಲ ಬಸ್ಸಿಗೆ ಕೋಗಳಿಯಿಂದ ದೊಡ್ಡವ್ವನ ಮೂವರು ಹೆಣ್ಣುಮಕ್ಕಳಂತೂ ಅಳುತ್ತಾ ಬರುತ್ತಾರೆ.