ತಾರೀಖು ಇಲ್ಲದ ಅವ್ವ

ನನ್ನ ಅವ್ವ ಪಾಪದಿಂದ ರಕ್ಷಣೆ ಹೊಂದಿದವಳಲ್ಲ ಎಂದು ಎಂಟು ಕುಟುಂಬಗಳ ಎದುರು ತೀರ್ಮಾನ ಕೊಟ್ಟ ಮನುಷ್ಯ ಸತ್ತು ಬಹಳ ವರ್ಷಗಳಾದವು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ.

ಅರವತ್ತರ ದಶಕದ ನಡುವಿನ ಮಾತು. ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ಧಾರವಾಡದ ಕಡೆಯಿಂದ ವಡೋದರಾಕ್ಕೆ ವರ್ಗವಾಗಿತ್ತು. ಊರಲ್ಲಿ ಗುಜರಾತಿ ಚರ್ಚುಗಳಿದ್ದವು. ಅವ್ವನಿಗೆ ಗುಜರಾತಿ ತರಕಾರಿ ಕೊಳ್ಳುವಷ್ಟು, ಜಗಳವಾಡುವಷ್ಟು ಬರುತ್ತಿತ್ತೇ ಹೊರತು ಪ್ರಾರ್ಥನೆ ಮಾಡುವಷ್ಟು ಬರುತ್ತಿರಲಿಲ್ಲ. ಹಾಗಾಗಿ ಭಾನುವಾರ ಬಸ್ಸು ಹತ್ತಿ ಕೊಯಾಲಿಗೆ ಹೋಗುತ್ತಿದ್ದೆವು. ಅಲ್ಲಿ ಹೊಸದಾಗಿ ಎದ್ದಿದ್ದ ತೈಲ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ಮಂಗಳೂರು ಕಡೆಯ ಸ್ಟೋರ್‌ಕೀಪರ್ ಒಬ್ಬರ ಮುಂದಿನ ಕೋಣೆಯಲ್ಲಿ, ಕನ್ನಡ ಕ್ರೈಸ್ತರ ಪುಟ್ಟ ಸಭೆ ಸೇರುತ್ತಿತ್ತು. ಪಾದ್ರಿಗಳಿರಲಿಲ್ಲ. ಸ್ಟೋರ್‌ಕೀಪರರೇ ಸಭೆಯ ಹಿರಿಯರು. ಚೀಟಿ ಇಲ್ಲದೆ ಒಂದು ಮೊಳೆಯನ್ನೂ ಹೊರಗೆ ಬಿಡದ ಮನುಷ್ಯ. ಸ್ವರ್ಗದ ಉಗ್ರಾಣದ ಬೀಗದ ಕೈಯೂ ತಮ್ಮ ಸೊಂಟದಲ್ಲೇ ಇದೆ ಎಂದುಕೊಂಡಿದ್ದರು.

ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿಯನ್ನೂ ದ್ರಾಕ್ಷಾರಸದ ಬಟ್ಟಲನ್ನೂ ಹಂಚಿಕೊಳ್ಳುವುದು. ಅದರ ರೊಟ್ಟಿ ಅವ್ವನೇ ಮಾಡುತ್ತಿದ್ದಳು. ಪಾನನಿಷೇಧದ ರಾಜ್ಯದಲ್ಲಿ ದ್ರಾಕ್ಷಾರಸ ಎಲ್ಲಿಂದ ಬರಬೇಕು? ಒಣದ್ರಾಕ್ಷಿ ನೆನೆಸಿ ಹಿಂಡಿ, ಸೋಸಿ, ಬಾಟಲಿಗೆ ತುಂಬುವವಳೂ ಅವ್ವನೇ.

ಅವಳೇನೂ ಸಂತಳಲ್ಲ. ಬಾಯಿ ಜೋರು. ನಲ್ಲಿಯ ಸರದಿಗೋ, ಒಣಹಾಕಿದ ಬಟ್ಟೆಗೋ, ವಾರಕ್ಕೆ ಎರಡು ಜಗಳ ಗ್ಯಾರಂಟಿ. ಆದರೆ ಆ ಭಾನುವಾರದ ಹಿಂದಿನ ದಿನ, ರೊಟ್ಟಿಯ ಹಿಟ್ಟು ಮುಟ್ಟುವ ಮೊದಲು, ಆ ತಿಂಗಳು ಜಗಳವಾಡಿದ ಮನೆಗಳಿಗೆಲ್ಲ ಹೋಗಿಬರುತ್ತಿದ್ದಳು. ಮುಖ ಗಂಟಿಕ್ಕಿಕೊಂಡೇ ಹೋಗಿ, "ಬೆನ್, ಮಾಫ್ ಕರಜೋ", ಅಕ್ಕಾ ಕ್ಷಮಿಸು, ಎನ್ನುತ್ತಿದ್ದಳು. ಒಮ್ಮೆ ಎದುರುಮನೆಯಾಕೆ ಬಾಗಿಲು ದಢಾರನೆ ಹಾಕಿಕೊಂಡಳು. ಅವ್ವ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು, ಬಾಗಿಲು ತೆರೆಯುವವರೆಗೂ. ನನಗೆ ನಾಚಿಕೆಯಿಂದ ಸಾಯುವಂತಾಗಿತ್ತು.

"ತಪ್ಪು ಆಕಿದೂ ಇತ್ತಲ್ಲ?" ಎಂದು ಕೇಳಿದೆ.

"ಇತ್ತು. ಅದನ್ನ ಆಕಿ ನೋಡ್ಕೊಳ್ತಾಳ. ನಂದು ತೊಳಕೊಳ್ಳದ ಆ ಹಿಟ್ಟಿಗೆ ಕೈ ಹಚ್ಚಲಿ ಹ್ಯಾಂಗ?"

ಒಂದು ಬೇಸಿಗೆಯಲ್ಲಿ ಹಿರಿಯರು ಮುಂಬೈಗೆ ಯಾವುದೋ ಪ್ರಾರ್ಥನಾ ಶಿಬಿರಕ್ಕೆ ಹೋಗಿ ಹೊಸ ನಿಯಮವೊಂದನ್ನು ಹೊತ್ತು ತಂದರು. ಪ್ರತಿಯೊಬ್ಬರೂ ಎದ್ದು ನಿಂತು ಸಾಕ್ಷಿ ಹೇಳಬೇಕು. ಯಾವ ದಿನ, ಯಾವ ಹೊತ್ತಿನಲ್ಲಿ ರಕ್ಷಣೆ ಹೊಂದಿದಿರಿ ಎಂಬುದು ಅದರಲ್ಲಿ ಇರಲೇಬೇಕು. ಹೇಳಲಾಗದವರಿಗೆ ಭೋಜನವಿಲ್ಲ. ಜನ ಎದ್ದು ಹೇಳಿದರು. ಒಬ್ಬರಂತೂ ಸಂಜೆ ಆರೂವರೆ ಎಂದು ಗಂಟೆ ಸಮೇತ ಹೇಳಿದರು. ಹಿರಿಯರು ಎಲ್ಲವನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡರು.

"ಅಮ್ಮ, ನೀವು ರಕ್ಷಣೆ ಹೊಂದಿದ್ದು ಯಾವಾಗ?" ಎಂದು ಅವ್ವನನ್ನು ಕೇಳಿದರು.

"ಗೊತ್ತಿಲ್ಲರಿ."

"ವರ್ಷ ಆದರೂ ಹೇಳಿ."

"ನಾ ತೊಟ್ಟಿಲದಾಗ ಇದ್ದಾಗಿಂದ ನಮ್ಮವ್ವ ಯೇಸುಸ್ವಾಮಿ ಹೆಸರು ಕಿವ್ಯಾಗ ಹಾಕ್ಯಾಳ್ರಿ. ನಾ ಅವನ್ನ ನಂಬೀನಿ. ಎಂದಿನಿಂದ ಅಂದ್ರ ಏನ್ ಹೇಳ್ಲಿ?"

"ಅದು ಬರೀ ಸಂಪ್ರದಾಯ ಅಮ್ಮ, ನಂಬಿಕೆ ಅಲ್ಲ. ಹುಟ್ಟಿದವರಿಗೆ ಹುಟ್ಟಿದ ದಿನ ಅಂತ ಒಂದು ಇರಬೇಕಲ್ಲ?"

"ಹುಟ್ಟಿದ ದಿನಾನೂ ಗೊತ್ತಿಲ್ಲರಿ ನನಗ" ಎಂದಳು ಅವ್ವ.

ಯಾರೋ ಕಿಸಕ್ಕನೆ ನಕ್ಕರು. ಹಿರಿಯರ ಮುಖ ಕೆಂಪಾಯಿತು. ಅವ್ವ ಸಭೆಗೆ ಬಂದು ಕೂರಬಹುದು, ಆದರೆ ದೇವರು ಅವಳ ಕಣ್ಣು ತೆರೆಸುವವರೆಗೆ ರೊಟ್ಟಿಯನ್ನೂ ಬಟ್ಟಲನ್ನೂ ಮುಟ್ಟಬಾರದು ಎಂದರು. ಎಲ್ಲರೂ ಎದ್ದು ಹೊರಡುವಾಗ ಬಾಗಿಲ ಬಳಿ ಅವಳನ್ನು ನಿಲ್ಲಿಸಿ, "ರೊಟ್ಟಿ ಮಾತ್ರ ಎಂದಿನ ಹಾಗೇ ತನ್ನಿ ಅಮ್ಮ, ನಿಮ್ಮಷ್ಟು ತೆಳ್ಳಗೆ ಬೇರೆಯವರಿಗೆ ಬರುವುದಿಲ್ಲ" ಎಂದರು. ಅವ್ವ ಬೇಕಾಗಿರಲಿಲ್ಲ, ಅವ್ವನ ರೊಟ್ಟಿ ಬೇಕಾಗಿತ್ತು.

ಅವ್ವ ಮಾಡಿಕೊಟ್ಟಳು. ಅದಕ್ಕೂ ನನಗೆ ಸಿಟ್ಟು.

ಮುಂದಿನ ತಿಂಗಳು ಸಾಕ್ಷಿ ಹೇಳುವ ಸರದಿ ನನ್ನದು. ನನಗೆ ಹದಿನಾಲ್ಕು. ಅವ್ವನ ಹಾಗೆ ಎಲ್ಲರೆದುರು ಪೆಚ್ಚಾಗಿ ನಿಲ್ಲಲು ನಾನು ತಯಾರಿರಲಿಲ್ಲ. ಹಿಂದಿನ ವರ್ಷದ ದೀಪಾವಳಿಯ ಮರುದಿನ, ಗುಜರಾತಿಗಳ ಹೊಸವರ್ಷದ ದಿನ, ಬೀದಿಯೆಲ್ಲ ಸಂಭ್ರಮದಲ್ಲಿದ್ದಾಗ ನಾನು ಒಬ್ಬಳೇ ಒಳಗೆ ಮೊಣಕಾಲೂರಿ ಅತ್ತೆ, ಎದೆಯ ಭಾರ ಇಳಿಯಿತು ಎಂದೆ. ತಾರೀಖು ಹೇಳಿದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹಿರಿಯರು ನನ್ನ ತಲೆಯ ಮೇಲೆ ಕೈಯಿಟ್ಟು ಸ್ತೋತ್ರ ಸಲ್ಲಿಸಿದರು. ನನಗೆ ರೊಟ್ಟಿ ಸಿಕ್ಕಿತು, ಬಟ್ಟಲು ಸಿಕ್ಕಿತು. ಪಕ್ಕದಲ್ಲಿ ಅವ್ವ ಮಡಿಲಲ್ಲಿ ಕೈ ಕಟ್ಟಿಕೊಂಡು ಕುಳಿತಿದ್ದಳು.

ಬಸ್ಸಿನಲ್ಲಿ ಅವಳು ನನ್ನ ಕಿವಿಯ ಹತ್ತಿರ ಬಾಗಿ ಹೇಳಿದಳು: "ಆ ದಿನ ನೀ ಬಾಜೂಮನ್ಯಾಗ ಕರದ ಫಾಫಡಾ ತಿಂದು ಹೊಟ್ಟಿ ಕೆಡಿಸ್ಕೊಂಡು ಮಲಗಿದ್ದಿ. ನಾನ ಜೀರಿಗಿ ನೀರು ಕುಡಿಸೀನಿ."

ಸಿಕ್ಕಿಬಿದ್ದ ಸಿಟ್ಟಿಗೆ ನಾನು ಕೂಗಿಬಿಟ್ಟೆ. "ನೀನೂ ಒಂದು ತಾರೀಖು ಹೇಳಬೇಕಿತ್ತು! ಏನು ಗಂಟು ಹೋಗತಿತ್ತು ನಿಂದು?"

"ಯಾವ ದಿನ ಹೇಳ್ಲಿ?" ಎಂದಳು. "ಮುಂಜಾನೆ ಎದ್ದು ನಂಬ್ತೀನಿ. ಮಧ್ಯಾಹ್ನ ಯಾರನ್ನರ ಬೈತೀನಿ. ಮತ್ತ ನಂಬಿ ಅವನ ಕಾಲು ಹಿಡಿತೀನಿ. ನಿನ್ನೆ ನಂಬಿದ್ದು ಇವತ್ತಿಗೆ ಸಾಲಂಗಿಲ್ಲ ನನಗ. ನಿಮಗೆಲ್ಲ ಹ್ಯಾಂಗ ಸಾಲತದೋ!"

ಅಪ್ಪ ಕಿಟಕಿಯಾಚೆ ನೋಡುತ್ತಿದ್ದ. ಒಂದು ತಿಂಗಳಿಂದ ಅವನು ಅದನ್ನೇ ಮಾಡುತ್ತಿದ್ದ.

ಅವ್ವನ ಮಾತು ಆ ತಿಂಗಳೆಲ್ಲ ನನ್ನನ್ನು ಬಿಡಲಿಲ್ಲ. ಮುಂದಿನ ಭೋಜನದ ಭಾನುವಾರ ನಾನೇ ಎದ್ದು ನಿಂತೆ. ನಾನು ಹೇಳಿದ್ದು ಹಸಿ ಸುಳ್ಳು, ಅವ್ವ ಸುಳ್ಳು ಹೇಳಲಿಲ್ಲ ಎಂಬ ಕಾರಣಕ್ಕೇ ಹೊರಗಾದಳು ಎಂದೆ. ಈಗ ಅವರಿಗೆ ನಾಚಿಕೆಯಾಗುತ್ತದೆ ಎಂದುಕೊಂಡೆ. ನಾನೆಂಥ ದಡ್ಡಿ! ಹಿರಿಯರ ಮುಖ ಅರಳಿತು.

"ಸ್ತೋತ್ರ! ಪಾಪದ ಅರಿವಾಯಿತಲ್ಲ ಮಗು! ಹಾಗಾದರೆ ನಿನ್ನ ರಕ್ಷಣೆಯ ದಿನ ಇವತ್ತೇ!"

ನೋಟ್‌ಬುಕ್ಕು ತೆರೆದು ಹಳೆಯ ತಾರೀಖು ಹೊಡೆದುಹಾಕಿ ಹೊಸದು ಬರೆದರು. ಸುಳ್ಳು ಹೇಳಿದಾಗಲೂ ನಾನು ಒಳಗೆ, ನಿಜ ಹೇಳಿದಾಗಲೂ ಒಳಗೆ.

"ಅವ್ವ?" ಎಂದು ಕೇಳಿದೆ.

"ಅವರಿಗಾಗಿ ಪ್ರಾರ್ಥನೆ ಮಾಡು" ಎಂದರು.

ಅಂದು ರೊಟ್ಟಿಯ ತಟ್ಟೆ ಹಿಡಿದು ಸಾಲಿನುದ್ದ ಬರುತ್ತಿದ್ದವನು ಅಪ್ಪ. ನನ್ನ ಮುಂದೆ ನಿಂತ. ನಾನು ಬೇಡವೆಂದು ತಲೆಯಾಡಿಸಿದೆ. ಅವ್ವ ನನ್ನ ತೊಡೆಗೆ ಬಲವಾಗಿ ಚಿವುಟಿದಳು.

"ತಗೋ. ಸಿಟ್ಟು ಅವರ ಮ್ಯಾಲ ಇರಲಿ. ಊಟ ಅವರದಲ್ಲ, ಕರ್ತಂದು."

"ಕರ್ತಂದಾದ್ರ ನೀ ಯಾಕ ತಗೊಳ್ಳಂಗಿಲ್ಲ?" ನಾನು ದನಿ ಇಳಿಸಲಿಲ್ಲ. ಎಲ್ಲರಿಗೂ ಕೇಳಿಸಿತು.

ಅವ್ವ ನನ್ನನ್ನು ನೋಡಿದಳು. ತಟ್ಟೆಯನ್ನು ನೋಡಿದಳು. ಆ ಪ್ರಶ್ನೆ ಅವಳಿಗೆ ಅದುವರೆಗೆ ಹೊಳೆದೇ ಇರಲಿಲ್ಲವೆಂದು ಕಾಣುತ್ತದೆ.

"ಹೌದಲ್ಲ" ಎಂದಳು. ಕೈ ಚಾಚಿ ಒಂದು ಚೂರು ಮುರಿದುಕೊಂಡಳು.

"ಅಮ್ಮಾ!" ಹಿರಿಯರು ಕುರ್ಚಿಯಿಂದ ಎದ್ದರು. "ಯೋಗ್ಯತೆಯಿಲ್ಲದೆ ತಿಂದರೆ ದಂಡನೆ ನಿಮ್ಮ ತಲೆಯ ಮೇಲೆ ಬರುತ್ತದೆ!"

"ಯೋಗ್ಯತೆ ಇಲ್ಲರಿ ನನಗ" ಎಂದಳು ಅವ್ವ. "ಇದ್ದಿದ್ರ ಇಲ್ಲಿ ಯಾಕ ಬರ್ತಿದ್ದೆ?"

ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. ಆಮೇಲೆ ನಮ್ಮನ್ನು ಆ ಮನೆಗೆ ಯಾರೂ ಕರೆಯಲಿಲ್ಲ. ಆ ಊರಲ್ಲಿ ಇದ್ದಷ್ಟು ದಿನ ಅವ್ವನಿಗೆ ಕನ್ನಡದ ಭೋಜನ ಮತ್ತೆ ಸಿಗಲಿಲ್ಲ. ಅವಳು ಆ ಹಿರಿಯರನ್ನು ಕ್ಷಮಿಸಿದ್ದಾಳೆ, ಅದು ನನಗೆ ಗೊತ್ತು. ನನ್ನಿಂದ ಆಗಿಲ್ಲ. ಅಪ್ಪನನ್ನು ಕ್ಷಮಿಸುವುದೂ ಪೂರ್ತಿಯಾಗಿಲ್ಲ. ಆ ಹೊತ್ತು ಅವನು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ನಿಜ. ಅವ್ವನ ಕಡೆಗೆ ಚಾಚಲೂ ಇಲ್ಲ.